ನಾಗಪ್ಪನ ಕೋಣೆ, ಕುರ್ಲಾದ ಗೇಟು

ಯಶವಂತ ಚಿತ್ತಾಲರ ‘ಶಿಕಾರಿ’ ಪ್ರಕಟವಾದದ್ದು 1979ರಲ್ಲಿ. ಅದರ ಬಗ್ಗೆ ಕನ್ನಡದಲ್ಲಿ ಬಂದಿರುವ ವಿಮರ್ಶೆಯನ್ನೆಲ್ಲ ಒಟ್ಟುಗೂಡಿಸಿದರೆ ಕಾದಂಬರಿಗಿಂತ ದಪ್ಪನಾದ ಪುಸ್ತಕವೇ ಆದೀತು. ಆದ್ದರಿಂದ ಅದರ ತಂತ್ರ, ಭಾಷೆ, ಅದರ ಮೇಲೆ ಬಿದ್ದಿದೆಯೆನ್ನಲಾದ ಕಾಫ್ಕಾನ ನೆರಳು ಮೊದಲಾದ ಸಂಗತಿಗಳನ್ನು ಇಲ್ಲಿ ಮತ್ತೆ ಎತ್ತಿಕೊಳ್ಳುವುದಿಲ್ಲ. ನಮ್ಮ ಮುಂದಿರುವ ಪ್ರಶ್ನೆ ಸಣ್ಣದು. ಅದು ನಮ್ಮದೂ ಅಲ್ಲ, ಇನ್ನೊಬ್ಬರು ಕೇಳಿದ್ದು.

ಕುರ್ಲಾ ಪಶ್ಚಿಮದ ಒಂದು ಮನೆಯಲ್ಲಿ ನಾವು ಎಂಟು ಹತ್ತು ಮಂದಿ ತಿಂಗಳಿಗೊಮ್ಮೆ, ಆದಿತ್ಯವಾರ ಸಂಜೆ, ಒಂದು ಕನ್ನಡ ಪುಸ್ತಕವನ್ನು ಮುಂದಿಟ್ಟುಕೊಂಡು ಕೂಡುವ ರೂಢಿಯಿದೆ. ಹೆಚ್ಚಿನವರು ಬ್ಯಾಂಕು, ವಿಮೆ, ರೈಲ್ವೆ, ಶಾಲೆ ಇವುಗಳಿಂದ ನಿವೃತ್ತರಾದವರು. ಒಬ್ಬರು ಮಾತ್ರ ಬೇರೆ. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಕುರ್ಲಾದ ಒಂದು ಎಂಜಿನಿಯರಿಂಗ್ ಕಾರಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ಈಗ ಎಂಬತ್ತರ ಹತ್ತಿರದ ವಯಸ್ಸು. ಕೂಟದಲ್ಲಿ ಮಾತು ಕಡಿಮೆ. ಪುಸ್ತಕವನ್ನು ಮಾತ್ರ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿಯೇ ಬರುತ್ತಾರೆ, ನಮ್ಮಲ್ಲಿ ಎಲ್ಲರ ಬಗ್ಗೆ ಹಾಗೆ ಹೇಳಲಾಗದು. ‘ಶಿಕಾರಿ’ಯ ಸರದಿ ಬಂದ ದಿನ ನಾವೆಲ್ಲ ಅಸ್ತಿತ್ವ, ಆತಂಕ, ಪರಕೀಯತೆ ಎಂದು ಒಂದು ಗಂಟೆ ಮಾತಾಡಿ ಮುಗಿಸಿದ ಮೇಲೆ ಅವರು ಕೇಳಿದರು: “ಅದೆಲ್ಲ ಸರಿ, ಅವ್ನಿಗೆ ಯೂನಿಯನ್ ಇರ್ಲಿಲ್ಯಾ ಮಾರಾಯ್ರೆ?”

ನಕ್ಕೆವು. ನಗಬಾರದಿತ್ತು ಎಂದು ಹೊಳೆದದ್ದು ಸ್ಟೇಷನ್ನಿನ ಸೇತುವೆ ಹತ್ತುವಾಗ.

ಕಾದಂಬರಿಯನ್ನು ಓದದವರಿಗಾಗಿ ಎರಡು ಮಾತು. ಉತ್ತರ ಕನ್ನಡದಿಂದ ಬಂದ ನಾಗಪ್ಪ ಮುಂಬಯಿಯ ಒಂದು ದೊಡ್ಡ ರಾಸಾಯನಿಕ ಕಂಪನಿಯಲ್ಲಿ ಮೇಲಿನ ಹುದ್ದೆಗೇರಿದವನು. ಒಂದು ದಿನ ಸ್ಪಷ್ಟ ಕಾರಣವನ್ನೇ ತಿಳಿಸದೆ ಅವನನ್ನು ಅಮಾನತಿನಲ್ಲಿಡುತ್ತಾರೆ. ತನ್ನ ಮೇಲಿನ ಆರೋಪವೇನು, ಅದರ ಹಿಂದೆ ಯಾರಿದ್ದಾರೆ ಎಂದು ಹುಡುಕುತ್ತ ಹೋಗುವ ಅವನು ತನ್ನ ಬಾಲ್ಯ, ಹುಟ್ಟು, ಭಯ, ಅಪರಾಧಭಾವಗಳ ಹುತ್ತಕ್ಕೆ ಕೈಹಾಕುತ್ತಾನೆ. ಎದುರಿಗೆ ಫಿರೋಜ್ ಬಂದೂಕವಾಲಾನಂಥ ಅಧಿಕಾರಿ. ಪಕ್ಕದಲ್ಲಿ ಊರಿನ ನಂಟಿನ ಶ್ರೀನಿವಾಸ. ಬೇಟೆಗೆ ಗುರಿಯಾದವನು ತಾನೂ ಬೇಟೆಗಾರನಾಗದೆ ಉಳಿಯಬಲ್ಲನೇ ಎಂಬುದು ಕಾದಂಬರಿಯುದ್ದಕ್ಕೂ ಅವನನ್ನು ಕಾಡುವ ಪ್ರಶ್ನೆ. ಹನೇಹಳ್ಳಿಯಲ್ಲಿ ಹುಟ್ಟಿ, ಮುಂಬಯಿಯ ಪ್ಲಾಸ್ಟಿಕ್ ಉದ್ಯಮದಲ್ಲಿ ದೀರ್ಘಕಾಲ ದುಡಿದ ಚಿತ್ತಾಲರಿಗೆ ಈ ಲೋಕ ಅಂಗೈರೇಖೆಯಷ್ಟು ಪರಿಚಿತ. ಆಫೀಸಿನ ಒಂದು ಫೋನು ಕರೆಯಲ್ಲಿ, ಬಾಗಿಲಲ್ಲಿ ನಿಂತವನ ಒಂದು ನಗೆಯಲ್ಲಿ ಎಷ್ಟು ಕ್ರೌರ್ಯ ಅಡಗಿರಬಹುದು ಎಂಬುದನ್ನು ಇಷ್ಟು ನಿಖರವಾಗಿ ತೋರಿಸಿದ ಇನ್ನೊಂದು ಕಾದಂಬರಿ ಕನ್ನಡದಲ್ಲಿದೆಯೆಂದು ನಮಗನ್ನಿಸುವುದಿಲ್ಲ.

ಫಿಟ್ಟರ್ ಅವರ ಪ್ರಶ್ನೆಗೆ ಕಾನೂನಿನ ಉತ್ತರ ಸುಲಭ. 1947ರ ಔದ್ಯೋಗಿಕ ವಿವಾದ ಕಾಯಿದೆ ಯಾರನ್ನು ‘ಕಾರ್ಮಿಕ’ನೆಂದು ಕರೆಯಿತೋ ಆ ವ್ಯಾಖ್ಯೆಯೊಳಗೆ ವ್ಯವಸ್ಥಾಪಕ ಹುದ್ದೆಯವನು ಬರುತ್ತಿರಲಿಲ್ಲ. ಲೇಥಿನ ಮುಂದೆ ನಿಂತವನನ್ನು ಕಾರಣ ಕೊಡದೆ ಹೊರಹಾಕಿದರೆ ಅವನು ಲೇಬರ್ ಕೋರ್ಟಿನ ಮೆಟ್ಟಿಲು ಹತ್ತಬಹುದಿತ್ತು; ನಾಗಪ್ಪನಂಥವನಿಗೆ ಆ ಮೆಟ್ಟಿಲಿರಲಿಲ್ಲ. ಅವನು ಬಡ್ತಿಯೊಂದಿಗೆ ಪಡೆದದ್ದು ಕುರ್ಚಿ, ಕ್ಯಾಬಿನ್ನು ಮತ್ತು ಈ ಒಂಟಿತನ. ನಮ್ಮ ಕೂಟದಲ್ಲಿ ಬ್ಯಾಂಕಿನಿಂದ ಬಂದವರಿಗೆ ಇದು ಚೆನ್ನಾಗಿ ಗೊತ್ತು. ಗುಮಾಸ್ತನಾಗಿದ್ದಾಗ ಘೋಷಣೆ ಕೂಗಿದವರು ಅಧಿಕಾರಿಯಾದ ಮರುದಿನ ಅದೇ ಘೋಷಣೆಯನ್ನು ಕಿಟಕಿಯ ಒಳಗಿನಿಂದ ಕೇಳಿದ್ದುಂಟು. ಮುಂಬಯಿ ಕನ್ನಡಿಗನ ಏಳಿಗೆಯ ಕತೆಯಲ್ಲಿ ಈ ಕಿಟಕಿಗೆ ಒಂದು ಅಧ್ಯಾಯ ಸಲ್ಲಬೇಕು.

ಆದರೆ ಅವರು ಕೇಳಿದ್ದು ಕಾನೂನನ್ನಲ್ಲ. ಅನ್ಯಾಯವಾದಾಗ ಮನುಷ್ಯ ತನ್ನ ಒಳಗೆ ಇಳಿಯುವುದಕ್ಕಿಂತ ಮೊದಲು ಪಕ್ಕದವನ ಕಡೆ ಏಕೆ ತಿರುಗಲಿಲ್ಲ ಎಂಬುದು ಅವರ ಅಚ್ಚರಿ. ನಾಗಪ್ಪ ಸುತ್ತಲಿನವರನ್ನು ನೋಡುವುದಿಲ್ಲವೆಂದಲ್ಲ, ನೋಡುತ್ತಾನೆ; ಆದರೆ ಇವನು ಬೇಟೆಗಾರನೋ ಅಲ್ಲವೋ ಎಂಬ ಶಂಕೆಯಿಂದಲೇ ನೋಡುತ್ತಾನೆ. ಜತೆಗಾರನಾಗಬಹುದೇ ಎಂಬ ಪ್ರಶ್ನೆ ಅಲ್ಲಿ ದುರ್ಬಲ. ಕಂಪನಿಯಲ್ಲಿ ಕೆಳಗೆ ದುಡಿಯುವ ಜನ ಕತೆಯ ಅಂಚಿನಲ್ಲಿದ್ದಾರೆ, ಕಾದಂಬರಿಯ ಬೆಳಕು ಅವರ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಇದನ್ನು ದೋಷವೆನ್ನಲು ಆಗದು. ನಾಗಪ್ಪನ ಕೋಣೆಯೊಳಗಿಂದ ಲೋಕ ಕಾಣುವುದೇ ಹಾಗೆ, ಲೇಖಕರು ಆ ಕೋಣೆಗೆ ನಿಷ್ಠರಾಗಿದ್ದಾರೆ.

1979 ಎಂಬ ಇಸವಿಗೆ ಇನ್ನೊಂದು ಮಹತ್ವವೂ ಇದೆ. ಬಂಡಾಯ ಸಾಹಿತ್ಯ ಸಂಘಟನೆ ಬೆಂಗಳೂರಿನಲ್ಲಿ ಹುಟ್ಟಿಕೊಂಡದ್ದೂ ಆ ವರ್ಷವೇ. ನವ್ಯರು ವ್ಯಕ್ತಿಯ ಒಳತೋಟಿಯಲ್ಲೇ ಮುಳುಗಿ ಸಮಾಜವನ್ನು ಮರೆತರೆಂಬುದು ಬಂಡಾಯದವರ ದೂರು. ಸಮಾಜದ ಹೆಸರಿನಲ್ಲಿ ಇವರು ವ್ಯಕ್ತಿಯನ್ನೇ ಅಳಿಸಿಹಾಕುತ್ತಾರೆಂಬುದು ನವ್ಯರ ಮರುದೂರು. ಆ ಜಗಳದ ಧೂಳು ನಮ್ಮ ಮುಂಬಯಿಗೂ ಹಾರಿಬಂದಿತ್ತು. ವ್ಯಕ್ತಿ ಮೊದಲು ಬದಲಾಗಬೇಕೋ ವ್ಯವಸ್ಥೆ ಮೊದಲೋ ಎಂದು ಎಷ್ಟು ಸಂಜೆಗಳು ಹೋದವೋ ಲೆಕ್ಕವಿಲ್ಲ. ಈಗ ಹಿಂತಿರುಗಿ ನೋಡಿದರೆ ಎರಡೂ ಪಕ್ಷದವರಿಗೆ ಅನುಕೂಲಕರವಾದ ಒಂದು ಸಂಗತಿ ಕಾಣುತ್ತದೆ: ವ್ಯಕ್ತಿ ಮೊದಲು ಎಂದವನು ತಾನಿನ್ನೂ ಸಿದ್ಧನಾಗಿಲ್ಲವೆಂದು ಕೂರಬಹುದಿತ್ತು, ವ್ಯವಸ್ಥೆ ಮೊದಲು ಎಂದವನು ಅದು ಬದಲಾಗಲೆಂದು ಕಾಯಬಹುದಿತ್ತು. ವ್ಯಾಸರಾಯ ಬಲ್ಲಾಳರು ಈ ಊರಿನ ಕಾರ್ಮಿಕ-ಮಾಲಿಕ ಸಂಘರ್ಷವನ್ನೇ ವಸ್ತುವಾಗಿಸಿಕೊಂಡು ‘ಬಂಡಾಯ’ ಕಾದಂಬರಿ ಬರೆದರು. ಅದಕ್ಕೆ 1986ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಆದರೂ ನಮ್ಮ ಕೂಟಗಳಲ್ಲಿ ‘ಶಿಕಾರಿ’ಗೆ ಸಿಕ್ಕಷ್ಟು ಮಾತು ಅದಕ್ಕೆ ಸಿಗಲಿಲ್ಲ. ಅದರ ಕಾರಣ ಪುಸ್ತಕಗಳ ಗುಣಮಟ್ಟದಲ್ಲಿ ಮಾತ್ರ ಇದೆಯೆಂದು ಹೇಳುವ ಧೈರ್ಯ ನಮಗಿಲ್ಲ.

ನಾವು ಈ ಜಗಳದಲ್ಲಿದ್ದ ವರ್ಷಗಳಲ್ಲೇ, ನಾವು ಕೂಡುತ್ತಿದ್ದ ಜಾಗದಿಂದ ನಡೆದು ಹೋಗಬಹುದಾದಷ್ಟು ದೂರದಲ್ಲಿ ಒಂದು ಘಟನೆ ನಡೆಯಿತು.

ಕುರ್ಲಾ ಇಂದು ಮಾಲ್‌ಗಳ ಊರು. ಒಂದು ಕಾಲಕ್ಕೆ ಭೋಂಗಾದ ಊರು. ಜಮ್‌ಶೆಟ್‌ಜಿ ಟಾಟಾ 1886ರಲ್ಲಿ ಇಲ್ಲಿಯ ಧರಮ್‌ಸಿ ಗಿರಣಿಯನ್ನು ಕೊಂಡು ‘ಸ್ವದೇಶಿ’ ಎಂದು ಹೆಸರಿಟ್ಟರು. ನಮ್ಮ ತಲೆಮಾರಿನವರು ಟ್ಯಾಕ್ಸಿಯಾಗಿ ಕಂಡ ಪ್ರೀಮಿಯರ್ ಪದ್ಮಿನಿ ಕಾರು ಇಲ್ಲಿಯದೇ. ಎಲ್.ಬಿ.ಎಸ್. ಮಾರ್ಗದಲ್ಲಿ ಕಮಾನಿಗಳ ಕಾರಖಾನೆಗಳಿದ್ದವು. ಅವುಗಳಲ್ಲಿ ಒಂದು ಕಮಾನಿ ಟ್ಯೂಬ್ಸ್, ತಾಮ್ರ ಹಿತ್ತಾಳೆಗಳ ಕೊಳವೆ ಮಾಡುವ ಕಂಪನಿ. ಸ್ಥಾಪಕ ರಾಮ್‌ಜಿಭಾಯಿ ಕಮಾನಿಯವರು ತೀರಿಕೊಂಡ ಮೇಲೆ ಮನೆತನದೊಳಗೆ ಜಗಳ ಬೆಳೆದು, ಸಾಲ ಬೆಳೆದು, 1985ರಲ್ಲಿ ಕಾರಖಾನೆ ನಿಂತಿತು. ಸುಮಾರು ಆರುನೂರು ಜನ ಬೀದಿಗೆ ಬಿದ್ದರು.

ಆ ಕಾಲದಲ್ಲಿ ಇದು ಸುದ್ದಿಯಾಗುವಂಥ ಸಂಗತಿಯೂ ಆಗಿರಲಿಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಕೆಲಸ ಬಿಟ್ಟಿದ್ದರು. ಅವರಲ್ಲಿ ಎಷ್ಟೋ ಮಂದಿ ಮತ್ತೆ ಸಾಂಚೆಯ ಮುಂದೆ ನಿಲ್ಲಲೇ ಇಲ್ಲ. ಮುಷ್ಕರ ಮಾಡಿದರೂ ಸೋಲು, ಮಾಡದಿದ್ದರೂ ಸೋಲು ಎಂಬ ಮಂಕು ಊರಿಗೇ ಕವಿದಿತ್ತು. ಅಂಥ ಹೊತ್ತಿನಲ್ಲಿ ಕಮಾನಿ ಟ್ಯೂಬ್ಸ್‌ನ ಯೂನಿಯನ್ನು, ಅದರ ಮುಂದಾಳು ಡಿ. ತಂಕಪ್ಪನ್ನರೊಂದಿಗೆ, ವಿಚಿತ್ರವಾದ ಒಂದು ಬೇಡಿಕೆ ಇಟ್ಟಿತು. ಮಾಲಿಕರು ನಡೆಸಲಾರರಾದರೆ ನಮಗೆ ಕೊಡಿ, ನಾವು ನಡೆಸುತ್ತೇವೆ. ರುಗ್ಣ ಉದ್ಯಮಗಳಿಗಾಗಿ ಆಗಷ್ಟೇ ಹುಟ್ಟಿದ್ದ ಬಿ.ಐ.ಎಫ್.ಆರ್. ಮಂಡಳಿ 1988ರಲ್ಲಿ ಈ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮಾಲಿಕರ ಮನೆತನದ ಆಕ್ಷೇಪಣೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಲ್ಲಿ ಅದೇ ವರ್ಷ ಕಾರ್ಮಿಕರ ಯೋಜನೆಯೇ ನಿಂತಿತು. ಹತ್ತು ರೂಪಾಯಿಯ ಷೇರಿನ ಬೆಲೆಯನ್ನು ಒಂದು ರೂಪಾಯಿಗಿಳಿಸಿ ಕಾರ್ಮಿಕರ ಸಹಕಾರಿ ಸಂಘಕ್ಕೆ ವರ್ಗಾಯಿಸುವ ಏರ್ಪಾಡಾಯಿತು. 1989ರಲ್ಲಿ ಕುಲುಮೆಗೆ ಮತ್ತೆ ಬೆಂಕಿ ಬಿತ್ತು. ಹದಿನಾರು ವರ್ಷ ಮೊದಲು, 1973ರಲ್ಲಿ, ಫ್ರಾನ್ಸಿನ ಬೆಸಾಂಸೋಂ ಊರಿನ ಲಿಪ್ ಗಡಿಯಾರ ಕಾರಖಾನೆಯ ಕಾರ್ಮಿಕರು ತಾವೇ ಗಡಿಯಾರ ಮಾಡಿ ತಾವೇ ಮಾರಿದ್ದನ್ನು ನಾವು ಪತ್ರಿಕೆಗಳಲ್ಲಿ ಓದಿ ರೋಮಾಂಚನಗೊಂಡಿದ್ದೆವು. ಕುರ್ಲಾದ್ದನ್ನು ಓದಿದಾಗ ಪುಟ ತಿರುಗಿಸಿದೆವು. ದೂರದ ಕ್ರಾಂತಿ ನಮ್ಮಿಂದ ಏನನ್ನೂ ಬೇಡುವುದಿಲ್ಲವಷ್ಟೆ.

ಇಲ್ಲಿ ನಮಗೆ ಮುಖ್ಯವಾದದ್ದು ನ್ಯಾಯಾಲಯದ ತೀರ್ಪಿಗಿಂತ ಒಂದು ಸಣ್ಣ ಕಾಗದ. ಸಹಕಾರಿ ಸಂಘಕ್ಕೆ ಬಂಡವಾಳ ಬೇಕಿತ್ತು, ಕಾರ್ಮಿಕರು ತಮ್ಮ ಪ್ರಾವಿಡೆಂಟ್ ಫಂಡಿನಿಂದ ಸಾಲ ತೆಗೆದು ಹಾಕಿದರು. ಆ ಕಾಲದಲ್ಲಿ ಕುರ್ಲಾದ ಚಾಳಿನಲ್ಲಿ ಪಿ.ಎಫ್. ಎಂದರೆ ಏನೆಂಬುದನ್ನು ನಮ್ಮ ಫಿಟ್ಟರ್ ಅವರು ಬಿಡಿಸಿ ಹೇಳಿದರು: ಮಗಳ ಮದುವೆ, ಊರಿನ ಮನೆಯ ಮಾಡು, ತಾಯಿಯ ಆಪರೇಷನ್. ಅವರ ಚಾಳಿನಲ್ಲೇ ಕಮಾನಿಯ ಇಬ್ಬರಿದ್ದರಂತೆ. ಒಬ್ಬನ ಹೆಂಡತಿ ಅರ್ಜಿಯನ್ನು ಅಕ್ಕಿಡಬ್ಬದೊಳಗೆ ಬಚ್ಚಿಟ್ಟಳು. ಮೂರು ದಿನ ಮನೆಯಲ್ಲಿ ಮಾತಿಲ್ಲ. ನಾಲ್ಕನೆಯ ದಿನ ತಾನೇ ತೆಗೆದುಕೊಟ್ಟಳು. ಆ ಹೆಂಗಸಿನ ಮೂರು ದಿನಗಳ ಬಗ್ಗೆ ಕನ್ನಡದಲ್ಲಿ ಯಾರೂ ಕಾದಂಬರಿ ಬರೆದದ್ದು ನಾವು ಕಂಡಿಲ್ಲ.

ಈ ಕತೆಗೆ ಮಂಗಳ ಹಾಡುವಂತಿಲ್ಲ. ಕೆಲವು ವರ್ಷ ಕಾರಖಾನೆ ಚೆನ್ನಾಗಿಯೇ ನಡೆಯಿತು. ತೊಂಬತ್ತರ ದಶಕದಲ್ಲಿ ಬಂಡವಾಳದ ಅಭಾವ, ಒಳಗಿನ ಭಿನ್ನಾಭಿಪ್ರಾಯ ಎಲ್ಲ ಸೇರಿ ಮತ್ತೆ ಕಷ್ಟಕ್ಕೆ ಸಿಕ್ಕಿತು. “ಕಡೆಗೂ ಮುಳುಗಿತಲ್ಲ” ಎಂದು ಕೂಟದಲ್ಲಿ ಒಬ್ಬರು ಹೇಳಿದಾಗ ಅವರ ದನಿಯಲ್ಲಿದ್ದದ್ದು ದುಃಖವೋ ಸಮಾಧಾನವೋ ನಿರ್ಧರಿಸಲಾಗಲಿಲ್ಲ. ಇತರರ ಪ್ರಯತ್ನ ಸೋತಾಗ ಪ್ರಯತ್ನಿಸದವನಿಗೆ ಸಿಗುವ ನೆಮ್ಮದಿಯನ್ನು ಚಿತ್ತಾಲರು ಒಳ್ಳೆಯ ಕತೆಯಾಗಿಸುತ್ತಿದ್ದರು.

ಇನ್ನು ಹೇಳಬೇಕಾದದ್ದು ನಮ್ಮದೇ ಸಂಗತಿ, ಹೇಳದೆ ಮುಂದೆ ಹೋಗಲು ಮನಸ್ಸೊಪ್ಪುವುದಿಲ್ಲ.

‘ಶಿಕಾರಿ’ಯನ್ನು ನಾವು ಮೊದಲ ಸಲ ಚರ್ಚಿಸಿದ್ದೂ ಕುರ್ಲಾದಲ್ಲೇ, 1981ರ ಮಳೆಗಾಲದಲ್ಲಿ, ಗೆಳೆಯರೊಬ್ಬರ ಬಾಡಿಗೆ ಕೋಣೆಯಲ್ಲಿ. ಕೆಳಗಿನ ಹೋಟೆಲಿನಿಂದ ಚಹಾ ತರಿಸಿದ್ದೆವು. ತಂದ ಹುಡುಗನಿಗೆ ಹತ್ತೋ ಹನ್ನೊಂದೋ ವರ್ಷ. ಒದ್ದೆ ಚಡ್ಡಿ, ಕೈಯಲ್ಲಿ ಆರು ಗ್ಲಾಸಿನ ತಂತಿಬುಟ್ಟಿ. ನಮ್ಮ ಮಾತು ತುಳುವಿಗೆ ಹೊರಳಿದಾಗ ಅವನ ಮುಖ ಅರಳಿತು. ಯಾವ ಊರೆಂದು ಕೇಳಿದೆವು, ಹೇಳಿದ. ನಮ್ಮಲ್ಲೊಬ್ಬರ ಊರಿಗೆ ಎರಡು ಮೈಲಿ. ಸಂತೋಷಪಟ್ಟೆವು. ನಾಲ್ಕಾಣೆ ಹೆಚ್ಚಿಗೆ ಕೊಟ್ಟೆವು. ಅವನು ಗ್ಲಾಸುಗಳಿಗಾಗಿ ಬಾಗಿಲಲ್ಲಿ ಕಾದು ನಿಂತ, ನಾವು ನಾಗಪ್ಪನಿಗಾದ ಅನ್ಯಾಯದ ಬಗ್ಗೆ ಮಾತು ಮುಂದುವರಿಸಿದೆವು. ಶಾಲೆಗೆ ಹೋಗುತ್ತೀಯಾ ಎಂದು ಯಾರೂ ಕೇಳಲಿಲ್ಲ. ಆಗ ಮುಂಬಯಿಯಲ್ಲಿ, ಮುಖ್ಯವಾಗಿ ಕೋಟೆಯ ಕಡೆ, ಕನ್ನಡ ರಾತ್ರಿ ಶಾಲೆಗಳು ನಡೆಯುತ್ತಿದ್ದವು. ಹೋಟೆಲ್ ಮಾಣಿಗಳು ಓದಿ ವಕೀಲರೂ ಲೆಕ್ಕಪರಿಶೋಧಕರೂ ಆದ ಉದಾಹರಣೆಗಳನ್ನು ನಮ್ಮ ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆವು. ಹೋಟೆಲಿನ ಯಜಮಾನರು ನಮಗೆ ಪರಿಚಿತರು, ಸಜ್ಜನರು, ಸಂಘದ ಕಾರ್ಯಕ್ರಮಗಳಿಗೆ ಚಂದಾ ಕೊಡುವವರು. ಸಂಜೆ ಏಳಕ್ಕೆ ಹುಡುಗನನ್ನು ಬಿಡಿ ಎಂದು ಹೇಳಲು ನಮಗೆ ಬೇಕಾಗಿದ್ದದ್ದು ಒಂದು ವಾಕ್ಯ. ಆ ವಾಕ್ಯಕ್ಕೆ ಬೆಲೆಯಿತ್ತು: ಚಂದಾ ಹೋಗಬಹುದಿತ್ತು, ಮುಂದಿನ ಸಲ ನಮಸ್ಕಾರ ತಣ್ಣಗಾಗಬಹುದಿತ್ತು. ಅಷ್ಟೆ.

ಕೇಂದ್ರದ ಕಾಯಿದೆಯಡಿ ಹೋಟೆಲುಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆ ನಿಷಿದ್ಧವಾದದ್ದು 2006ರ ಅಕ್ಟೋಬರ್ 10ರಿಂದ. 1986ರ ಬಾಲಕಾರ್ಮಿಕ ಕಾಯಿದೆ ಬಂದಾಗಲೂ ಹೋಟೆಲು ಆ ನಿಷೇಧದ ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ಯಜಮಾನರು 1981ರಲ್ಲಿ ಆ ಕೇಂದ್ರ ನಿಷೇಧವನ್ನು ಮುರಿದರೆಂದು ಹೇಳಲಾಗದು. ನಾವೂ ಏನನ್ನೂ ಮುರಿದಿರಲಿಲ್ಲ.

ಈ ಹುಡುಗನ ನೆನಪಿನೊಂದಿಗೆ ‘ಶಿಕಾರಿ’ಯನ್ನು ಈ ಸಲ ಓದಿದಾಗ ಅದರ ಮುಖ್ಯ ರೂಪಕವೇ ಬೇರೆಯಾಗಿ ಕಂಡಿತು. ನಮ್ಮ ಕರಾವಳಿಯ, ಮಲೆನಾಡಿನ ಹಳಬರಿಗೆ ಗೊತ್ತು, ಬೇಟೆಯೆಂದರೆ ಬಂದೂಕಿನವನು ಮತ್ತು ಮಿಕ ಇಷ್ಟೇ ಅಲ್ಲ. ಕಾಡಿಗೆ ನುಗ್ಗಿ, ಡಬ್ಬ ಬಡಿದು, ಕೂಗು ಹಾಕಿ, ಮಿಕವನ್ನು ಬಂದೂಕಿನ ಕಡೆಗೆ ಅಟ್ಟುವ ಜನ ಬೇಕು. ಅವರ ಕೈಯಲ್ಲಿ ಕೋವಿಯಿಲ್ಲ, ಅವರು ಯಾರನ್ನೂ ಕೊಲ್ಲುವುದಿಲ್ಲ. ಸಂಜೆ ಪಾಲಿನ ಮಾಂಸ ಮಾತ್ರ ಮನೆಗೆ ಬರುತ್ತದೆ. ‘ಶಿಕಾರಿ’ಯ ಓದುಗರಾದ ನಾವು ನಾಲ್ಕು ದಶಕಗಳಿಂದ ನಾಗಪ್ಪನ ಜಾಗದಲ್ಲಿ ನಮ್ಮನ್ನು ಇಟ್ಟುಕೊಂಡು ಮರುಗಿದ್ದೇವೆ. ಬಡ್ತಿ ತಪ್ಪಿದವನು, ಮೇಲಧಿಕಾರಿಯಿಂದ ಅವಮಾನಿತನಾದವನು, ‘ನಮ್ಮವ’ನೇ ಬೆನ್ನಿಗೆ ಇರಿದನೆಂದು ಕೊರಗುವವನು, ಎಲ್ಲರೂ ನಾಗಪ್ಪರೇ. ಡಬ್ಬ ಬಡಿದವರಾರು ಎಂದು ಕೇಳಿದರೆ ಇಡೀ ಮುಂಬಯಿಯಲ್ಲಿ ಒಬ್ಬನೂ ಸಿಗಲಾರ!

ಕಾದಂಬರಿ ಇಂಥ ಓದಿಗೆ ಅವಕಾಶ ಕೊಟ್ಟಿದೆಯೆಂಬುದು ನಮ್ಮ ಆಕ್ಷೇಪಣೆ. ಆದರೆ ಅದು ಹಾಗೆ ಓದೆಂದು ಹೇಳಿಲ್ಲ ಎಂಬುದನ್ನೂ ಸೇರಿಸಬೇಕು. ನಾಗಪ್ಪ ತನ್ನ ಬಗ್ಗೆ ತಾನು ಪಡುವ ಶಂಕೆ ನಮ್ಮ ಮರುಕಕ್ಕಿಂತ ಪ್ರಾಮಾಣಿಕವಾದದ್ದು. ತಾನು ಶುದ್ಧನೆಂಬ ನಂಬಿಕೆ ಅವನಿಗೇ ಇಲ್ಲ. ಅದನ್ನು ಅವನಿಗೆ ಧಾರಾಳವಾಗಿ ಕೊಟ್ಟವರು ಓದುಗರು ಮತ್ತು ನಮ್ಮಂಥ ವಿಮರ್ಶಕರು. ಚಿತ್ತಾಲರಲ್ಲಿ ನಮಗೆ ಕೊರತೆಯೆನ್ನಿಸುವುದು ಇನ್ನೊಂದು ಕಡೆ. ಆತ್ಮಶೋಧನೆ ಮುಗಿಯುವವರೆಗೆ ಕೆಲಸಕ್ಕೆ ಕೈಹಾಕಲಾಗದು ಎಂಬ ಒಂದು ಕ್ರಮ ಅವರ ಬರವಣಿಗೆಯ ಹಿಂದಿದೆ. ಕಮಾನಿಯ ಕಾರ್ಮಿಕರಲ್ಲಿ ಕುಡುಕರಿದ್ದಿರಬಹುದು, ಹೆಂಡತಿಗೆ ಹೊಡೆಯುವವರಿದ್ದಿರಬಹುದು, ಪರಸ್ಪರ ಅಸೂಯೆಯಂತೂ ಇದ್ದೇ ಇತ್ತು. ಶುದ್ಧರಾದ ಮೇಲೆ ಸಹಿ ಹಾಕುತ್ತೇವೆ ಎಂದಿದ್ದರೆ ಆ ಅರ್ಜಿ ಇಂದಿಗೂ ಅಕ್ಕಿಡಬ್ಬದಲ್ಲೇ ಇರುತ್ತಿತ್ತು. ಸಹಿ ಹಾಕಿದ ಮೇಲೆ ಅವರಲ್ಲಿ ಕೆಲವರು ಬದಲಾದರೋ ಏನೋ, ಫಿಟ್ಟರ್ ಅವರ ನೆರೆಯವನು ಕುಡಿತ ಬಿಟ್ಟನಂತೆ, ಆದರೆ ಎರಡೇ ವರ್ಷ.

ಅಹಮದಾಬಾದಿನ 1918ರ ಗಿರಣಿ ಮುಷ್ಕರವನ್ನು ಇಲ್ಲಿ ನೆನೆಯಬಹುದು. ಮಾಲಿಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಪರ ಗಾಂಧೀಜಿಯೊಂದಿಗೆ ನಿಂತವರು ಅವರದೇ ಅಕ್ಕ ಅನಸೂಯಾ. ತಮ್ಮನ ಮೇಲಿನ ಪ್ರೀತಿಯೂ ಬಿಡಲಿಲ್ಲ, ಕಾರ್ಮಿಕರ ಪಕ್ಷವೂ ಬಿಡಲಿಲ್ಲ. ಹೊಣೆಗಾರಿಕೆ ಎಂದೊಡನೆ ನಮ್ಮವರು ಮನೆಮಠ ಬಿಟ್ಟು ಹೋಗುವ ಚಿತ್ರ ಕಲ್ಪಿಸಿಕೊಂಡು ಹೆದರುತ್ತಾರೆ. ಪರಿಚಿತರಾದ ಸಜ್ಜನ ಯಜಮಾನರಿಗೆ, ಅವರ ಗಲ್ಲಾದ ಮುಂದೆ ನಿಂತು, ಅವರು ಕೊಟ್ಟ ಕಾಫಿಯನ್ನು ಕುಡಿಯುತ್ತಲೇ, ಆ ಒಂದು ವಾಕ್ಯ ಹೇಳುವುದು ಸಂನ್ಯಾಸಕ್ಕಿಂತ ಕಷ್ಟವೆಂಬುದು ನಮ್ಮ ಅನುಭವ.

ಕಮಾನಿ ಎಂಬ ಹೆಸರು ಕುರ್ಲಾದಲ್ಲಿ ಈಗಲೂ ಒಂದು ಜಂಕ್ಷನ್ನಿಗಿದೆ. 2011ರಲ್ಲಿ ತೆರೆದ ಫೀನಿಕ್ಸ್ ಮಾರ್ಕೆಟ್‌ಸಿಟಿ ಅಲ್ಲೇ. ಕಾದಂಬರಿಯ ಚರ್ಚೆ ಮುಗಿದ ಮುಂದಿನ ವಾರ ಫಿಟ್ಟರ್ ಅವರೊಂದಿಗೆ ಆ ದಾರಿಯಲ್ಲಿ ನಡೆದೆವು. ಗೇಟು ಎಲ್ಲಿತ್ತು, ಸಭೆ ಎಲ್ಲಿ ಕೂಡುತ್ತಿತ್ತು, ವಡಾಪಾವ್ ಗಾಡಿಯವನು ಎಷ್ಟು ತಿಂಗಳು ಸಾಲ ಕೊಟ್ಟ ಎಂದೆಲ್ಲ ಕೈತೋರಿಸಿ ಹೇಳುತ್ತಿದ್ದರು. ನಾವು ನಮ್ಮ ಚಹಾದ ಹುಡುಗನ ಕತೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವೂ ಅಂಥ ಬುಟ್ಟಿ ಹಿಡಿದು ಮೆಟ್ಟಿಲು ಹತ್ತಿದವರೇ ಎಂದರು. ತಮ್ಮನ್ನು ರಾತ್ರಿ ಶಾಲೆಗೆ ಕರೆದುಕೊಂಡು ಹೋದವರು ಒಬ್ಬ ಗಿರಾಕಿ, ಯಾವುದೋ ಆಫೀಸಿನ ಗುಮಾಸ್ತ. ಹೆಸರೂ ಸರಿಯಾಗಿ ನೆನಪಿಲ್ಲವಂತೆ. ಮೊದಲ ತಿಂಗಳ ಫೀಜು ಕೊಟ್ಟು ಹೋದವರು ಆಮೇಲೆ ಆ ಹೋಟೆಲಿಗೆ ಬರಲಿಲ್ಲ. “ಯಜಮಾನ್ರು ಅವ್ರ ಹತ್ರ ಜೋರು ಮಾಡಿದ್ರು ಕಾಣಿ,” ಎಂದರು.

‘ಶಿಕಾರಿ’ಯ ನಮ್ಮ ಪ್ರತಿ ಈಗ ಅವರ ಮನೆಯಲ್ಲಿದೆ. ಎರಡನೆಯ ಓದು ನಡೆಯುತ್ತಿದೆಯಂತೆ. ಶ್ರೀನಿವಾಸನ ಬಗ್ಗೆ ನಾವು ಅಂದು ಹೇಳಿದ್ದು ಸರಿಯಿಲ್ಲ, ಓದಿ ಮುಗಿಸಿ ಫೋನು ಮಾಡುತ್ತೇನೆ ಎಂದಿದ್ದಾರೆ.